ಕಾಯಿಲೆ ಬೀಳದವರ ಊರಿನಿಂದ

ಪ್ರತಿ ಆಫೀಸಿನಲ್ಲೂ ಇಂಥವರೊಬ್ಬರು ಇದ್ದೇ ಇರ್ತಾರೆ. ಮಳೆಗಾಲ ಶುರುವಾಗಿ ಅರ್ಧ ಫ್ಲೋರು ಮೂಗು ಒರೆಸಿಕೊಳ್ಳುತ್ತಾ ಕೂತಿರುತ್ತೆ, ಮೀಟಿಂಗಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಮ್ಯೂಟ್ ಒತ್ತಿ ಕೆಮ್ಮುತ್ತಿರುತ್ತಾರೆ. ಇವರು ಮಾತ್ರ ಐಸ್ ಹಾಕಿದ ಕಾಫಿ ಹಿಡ್ಕೊಂಡು ಬಂದು, "ನಂಗೆ ಇದೆಲ್ಲ ಬರಲ್ಲಪ್ಪ, ಇಮ್ಯುನಿಟಿ ಸ್ಟ್ರಾಂಗು" ಅಂತಾರೆ. ಮನೆಗಳಲ್ಲೂ ಇಂಥವರು ಇರ್ತಾರೆ. ಅಜ್ಜ, ದೊಡ್ಡಪ್ಪ, ಮಾಮ, ಯಾರೋ ಒಬ್ಬರು. ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ ಅನ್ನೋದೇ ಅವರ ಬಯೋಡೇಟಾದ ಮೊದಲ ಸಾಲು.

2020ಕ್ಕೆ ಮುಂಚೆ ಈ ಇಮ್ಯುನಿಟಿ ಅನ್ನೋ ಪದ ನಮ್ಮ ಅಡುಗೆಮನೆಗಳಲ್ಲಿ ಇಷ್ಟೊಂದು ಓಡಾಡ್ತಿರಲಿಲ್ಲ. ಈಗ ಅದು ಉಪ್ಪು, ಸಾಸಿವೆ ಥರ. ಚಹಾದ ಪ್ಯಾಕೆಟ್ಟಿನ ಮೇಲೂ ಇದೆ, ಮಕ್ಕಳ ಬಿಸ್ಕತ್ತಿನ ಮೇಲೂ ಇದೆ. ಹಾಗಾಗಿ ಪ್ರಶ್ನೆಯನ್ನ ಒಮ್ಮೆ ನೇರವಾಗಿ ಕೇಳಿಕೊಳ್ಳೋಣ. ಯಾರಾದರೂ ಅಪರೂಪಕ್ಕೆ ಕಾಯಿಲೆ ಬೀಳ್ತಾರೆ ಅಂದ್ರೆ ಅವರ ರೋಗನಿರೋಧಕ ಶಕ್ತಿ ಗಟ್ಟಿಯಾಗಿದೆ ಅಂತಲೇ ಅರ್ಥವಾ? ಇರಬಹುದು. ಆದರೆ ಅದೊಂದನ್ನೇ ನೋಡಿ ಹಾಗೆ ಹೇಳೋಕೆ ಬರಲ್ಲ. ಯಾಕೆ ಬರಲ್ಲ ಅನ್ನೋದನ್ನ ನಮ್ಮೂರ ಕಡೆಯಿಂದಲೇ ಶುರು ಮಾಡ್ತೀನಿ, ಏಕೆಂದರೆ ಈ ವಾದಕ್ಕೆ ನಮ್ಮಲ್ಲಿ ಬಹಳ ದೊಡ್ಡ ಸಾಕ್ಷಿಯೊಬ್ಬರಿದ್ದಾರೆ.

ನಮ್ಮದು ಚಿಕ್ಕಬಳ್ಳಾಪುರದ ಪಕ್ಕ, ಮುದ್ದೇನಹಳ್ಳಿ. ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡೋಕೆ ಬೆಳಗಿನ ಜಾವ ಬೈಕ್ ಓಡಿಸಿಕೊಂಡು ಬರೋರಿಗೆ ಈ ಕಡೆಯ ದಾರಿ ಗೊತ್ತಿರುತ್ತೆ. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಊರು. ಅವರು ಹುಟ್ಟಿದ ಮನೆ ಇಲ್ಲಿದೆ, ಸಮಾಧಿಯೂ ಇಲ್ಲೇ ಇದೆ. 1861ರಲ್ಲಿ ಹುಟ್ಟಿ 1962ರಲ್ಲಿ ತೀರಿಕೊಂಡ ಮನುಷ್ಯ, ಅಂದರೆ ನೂರು ದಾಟಿದವರು. ನಮ್ಮೂರಲ್ಲಿ ಆರೋಗ್ಯದ ವಿಷಯಕ್ಕೆ ಯಾವುದೇ ಜಗಳ ಬಿದ್ದರೂ ಕೊನೆಗೆ ಅವರ ಹೆಸರು ಬಂದೇ ಬರುತ್ತೆ. "ರಾಗಿ ಮುದ್ದೆ ತಿಂದ ಮೈ ಅದು", "ನಮ್ಮ ಬೆಟ್ಟದ ಗಾಳಿ, ನಮ್ಮ ಬಾವಿ ನೀರು", "ಅವರಿಗೇನು ಕಾಯಿಲೆ ಬರ್ತಿತ್ತಾ?" ಹೀಗೆ. ಬೆಂಗಳೂರಿನಿಂದ ನೆಗಡಿ ಹಿಡ್ಕೊಂಡು ಬರೋ ನನ್ನಂಥವರಿಗೆ ಇದರಲ್ಲಿ ಸಣ್ಣದೊಂದು ಚುಚ್ಚು ಮಾತೂ ಇರುತ್ತೆ ಅನ್ನಿ.

ಆದರೆ ಲೆಕ್ಕ ಹಾಕಿ ನೋಡಿ. ಅದೇ ಮುದ್ದೆ, ಅದೇ ಗಾಳಿ, ಅದೇ ನೀರು ಊರಿನ ಎಲ್ಲರಿಗೂ ಇತ್ತು. ಅವರ ಓರಗೆಯ ಮಕ್ಕಳು ಎಷ್ಟು ಜನ ಮುದುಕರಾದರು? 1911ರಿಂದ 1921ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 20 ವರ್ಷ ಇತ್ತು. ಎಲ್ಲರೂ ಇಪ್ಪತ್ತಕ್ಕೇ ಸಾಯ್ತಿದ್ದರು ಅಂತಲ್ಲ. ಹುಟ್ಟಿದ ಮಕ್ಕಳಲ್ಲಿ ಬಹಳಷ್ಟು ಐದು ವರ್ಷ ದಾಟುತ್ತಲೇ ಇರಲಿಲ್ಲ, ಆ ಸಾವುಗಳು ಸರಾಸರಿಯನ್ನ ಕೆಳಗೆ ಎಳೀತಿದ್ದವು. ಸಿಡುಬು, ಕಾಲರಾ, ಪ್ಲೇಗು, ಮಲೇರಿಯಾ. ಬದುಕುಳಿದ ಒಬ್ಬರ ಮನೆ ಮ್ಯೂಸಿಯಂ ಆಯ್ತು. ಹೋದವರ ಹೆಸರು ಯಾರಿಗೂ ಗೊತ್ತಿಲ್ಲ. ಗೆದ್ದವರನ್ನ ಮಾತ್ರ ನೋಡಿ ಗೆಲುವಿನ ಕಾರಣ ಹೇಳೋದು ಸುಲಭ. ಸ್ಟಾರ್ಟಪ್ಪುಗಳ ಕತೆಯಲ್ಲಿ ನಾವೆಲ್ಲ ಇದನ್ನ ಕೇಳಿಯೇ ಇದ್ದೀವಿ: ಕಾಲೇಜು ಬಿಟ್ಟು ಕೋಟ್ಯಧಿಪತಿ ಆದವನ ಸಂದರ್ಶನ ಬರುತ್ತೆ, ಕಾಲೇಜು ಬಿಟ್ಟು ಸಾಲ ಮಾಡಿಕೊಂಡ ಸಾವಿರ ಜನರದ್ದು ಬರಲ್ಲ.

ಇನ್ನೂ ಮಜಾ ಇರೋದು ಬೇರೆ ಕಡೆ. ನಾವು ವಿಶ್ವೇಶ್ವರಯ್ಯನವರನ್ನ ಗಟ್ಟಿ ಮೈಯ ಉದಾಹರಣೆಯಾಗಿ ಕೊಡ್ತೀವಲ್ಲ, ಆ ಮನುಷ್ಯ ಜೀವನಪೂರ್ತಿ ಮಾಡಿದ ಕೆಲಸವೇನು? ಅಣೆಕಟ್ಟು ಎಲ್ಲರಿಗೂ ನೆನಪಿದೆ. ಆದರೆ ಅವರ ಕೆಲಸದಲ್ಲಿ ದೊಡ್ಡದೊಂದು ಪಾಲು ಕುಡಿಯುವ ನೀರು ಮತ್ತು ಚರಂಡಿ. 1890ರ ದಶಕದಲ್ಲಿ, ಈಗ ಪಾಕಿಸ್ತಾನದಲ್ಲಿರುವ ಸಿಂಧ್‌ನ ಸಕ್ಕೂರಿಗೆ ನೀರು ಕೊಡುವ ಕೆಲಸ ಅವರ ಪಾಲಿಗೆ ಬಂತು. ಸಿಂಧೂ ನದಿಯ ನೀರು ಕೆಸರು. ಶೋಧಿಸುವ ದೊಡ್ಡ ವ್ಯವಸ್ಥೆ ಕಟ್ಟಲು ಊರಿನ ಹತ್ತಿರ ದುಡ್ಡಿರಲಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ಜಿನುಗಿ ಬಂದ ತಿಳಿನೀರನ್ನ ಊರಿಗೆ ಹರಿಸಿದರು. 1906ರಲ್ಲಿ ಏಡನ್ ಬಂದರಿಗೆ ಹೋಗಿದ್ದು ಕೂಡ ನೀರು ಮತ್ತು ಚರಂಡಿ ವ್ಯವಸ್ಥೆಗೆ ಸಲಹೆ ಕೊಡೋಕೆ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗಿದ ಮೇಲೆ ಅಲ್ಲಿನವರು ಕರೆಸಿದಾಗ, ಪ್ರವಾಹ ತಡೆಯೋದರ ಜೊತೆಗೆ ಊರಿನ ಒಳಚರಂಡಿಯ ಕೆಲಸವನ್ನೂ ಅವರು ನೋಡಿದರು.

ಆ ಊರುಗಳಲ್ಲಿ ಶುದ್ಧ ನೀರು ಬಂದಮೇಲೆ ಹೊಟ್ಟೆನೋವು, ವಾಂತಿಭೇದಿ ಕಡಿಮೆಯಾದ ಮನೆಗಳನ್ನ ಊಹಿಸಿಕೊಳ್ಳಿ. ಆ ಮನೆಯವರ ಇಮ್ಯುನಿಟಿ ಒಂದು ಗುಲಗಂಜಿಯಷ್ಟೂ ಹೆಚ್ಚಾಗಿರಲಿಲ್ಲ. ರೋಗ ಅವರ ಬಾಯಿಯವರೆಗೆ ಬರೋದು ತಪ್ಪಿತ್ತು, ಅಷ್ಟೇ.

ಕಾಯಿಲೆ ಬೀಳದಿರುವುದಕ್ಕೆ ಇದು ಮೊದಲ ಕಾರಣ: ರೋಗಾಣು ಎದುರಾಗದೇ ಇರೋದು. ಇದನ್ನ ನಾವು ಎಷ್ಟು ಸುಲಭವಾಗಿ ಮರೀತೀವಿ ನೋಡಿ. ನನ್ನ ಟೀಮಿನಲ್ಲಿ ಒಬ್ಬಳಿದ್ದಾಳೆ, ಎರಡು ವರ್ಷದ ಮಗುವನ್ನ ಡೇಕೇರಿಗೆ ಬಿಡ್ತಾಳೆ. ವರ್ಷಕ್ಕೆ ಏಳೆಂಟು ಸಲ ಅವಳ ಮನೆಯಲ್ಲಿ ಯಾರಿಗಾದರೂ ಮೂಗು ಸೋರ್ತಿರುತ್ತೆ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ನೆಗಡಿ ಮಾಮೂಲು, ದೊಡ್ಡವರಿಗೆ ಎರಡು ಮೂರು. ಅವಳ ಪಕ್ಕದಲ್ಲಿ ಕೂರುವವನು ಒಬ್ಬನೇ ಇರ್ತಾನೆ, ವಾರಕ್ಕೆ ನಾಲ್ಕು ದಿನ ವರ್ಕ್ ಫ್ರಮ್ ಹೋಮ್, ಬಸ್ಸು ಮೆಟ್ರೋ ಹತ್ತೋದಿಲ್ಲ. ಅವನಿಗೆ ಏನೂ ಬರಲ್ಲ. ಇವರಿಬ್ಬರಲ್ಲಿ ಯಾರದ್ದು ಸ್ಟ್ರಾಂಗು? ಹೇಳೋಕಾಗಲ್ಲ. ಒಬ್ಬಳು ದಿನಾ ಮ್ಯಾಚ್ ಆಡ್ತಿದ್ದಾಳೆ, ಇನ್ನೊಬ್ಬ ಗ್ಯಾಲರಿಯಲ್ಲಿ ಕೂತಿದ್ದಾನೆ. 2020–21ರಲ್ಲಿ ನಾವೆಲ್ಲ ಮಾಸ್ಕ್ ಹಾಕಿ ಮನೆಯಲ್ಲಿದ್ದಾಗ ಜಗತ್ತಿನ ತುಂಬಾ ಕಡೆ ಮಾಮೂಲಿ ಫ್ಲೂ ಹೆಚ್ಚೂಕಡಿಮೆ ಕಾಣೆಯಾಗಿತ್ತು. ಆ ಒಂದು ವರ್ಷ ಮಾತ್ರ ಮನುಷ್ಯ ಜಾತಿಯ ಇಮ್ಯುನಿಟಿ ಏರಿ, ಆಮೇಲೆ ಇಳಿದುಬಿಡಲಿಲ್ಲವಲ್ಲ.

ಇನ್ನೂ ಸ್ಪಷ್ಟವಾಗಿ ಬೇಕಾದರೆ ಅಜ್ಜಿಯರ ತೋಳು ನೋಡಿ. ಸಿಡುಬಿನ ಲಸಿಕೆ ಹಾಕಿದ ಗುಂಡಗಿನ ಕಲೆ ಇರುತ್ತೆ. ನನಗೆ ಆ ಲಸಿಕೆ ಹಾಕಿಲ್ಲ, ನಿಮ್ಮಲ್ಲಿ ಹೆಚ್ಚಿನವರಿಗೂ ಹಾಕಿರಲ್ಲ. ಆದರೂ ನಮ್ಮ ತಲೆಮಾರಿನಲ್ಲಿ ಒಬ್ಬರಿಗೂ ಸಿಡುಬು ಬಂದಿಲ್ಲ. ಇದು ನಮ್ಮ ಇಮ್ಯುನಿಟಿಯಾ? ಅಲ್ಲವೇ ಅಲ್ಲ. ಸಿಡುಬಿನ ವಿಷಯದಲ್ಲಿ ಅಜ್ಜಿಗಿಂತ ನಾವೇ ದುರ್ಬಲರು. 1975ರಲ್ಲಿ ಭಾರತದ ಕೊನೆಯ ರೋಗಿಗಳು ಕಂಡರು, 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅಜ್ಜಿಯ ಕಾಲದವರು ಸೂಜಿ ಚುಚ್ಚಿಸಿಕೊಂಡು ದಾರಿ ಸ್ವಚ್ಛ ಮಾಡಿಟ್ಟರು, ನಾವು ಆರಾಮಾಗಿ ನಡೀತಿದ್ದೀವಿ.

ಎರಡನೇ ಕಾರಣ ಇನ್ನೂ ವಿಚಿತ್ರ. ರೋಗಾಣು ಬಂದಿರುತ್ತೆ, ಒಳಗೆ ಹೊಕ್ಕಿರುತ್ತೆ, ಹೋಗಿಯೂ ಇರುತ್ತೆ. ನಮಗೆ ಸುದ್ದಿಯೇ ಇರಲ್ಲ.

2020ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಎಲ್ಲ ಜಿಲ್ಲೆಗಳಲ್ಲಿ ಜನರ ರಕ್ತ ಪರೀಕ್ಷೆ ಮಾಡಿ ಕೋವಿಡ್ ಸಮೀಕ್ಷೆ ನಡೆಸಿತು. ರಾಜ್ಯದ ಜನಸಂಖ್ಯೆಯ ಸುಮಾರು ಶೇ 27ರಷ್ಟು, ಅಂದರೆ ಸುಮಾರು 1.93 ಕೋಟಿ ಜನಕ್ಕೆ ಸೋಂಕು ಆಗಲೇ ತಗುಲಿತ್ತು ಅಥವಾ ಆಗ ಇತ್ತು ಅನ್ನೋ ಅಂದಾಜು ಬಂತು. ಆ ಹೊತ್ತಿಗೆ ಟೆಸ್ಟಿನಲ್ಲಿ ಪಾಸಿಟಿವ್ ಬಂದು ಲೆಕ್ಕಕ್ಕೆ ಸಿಕ್ಕಿದ್ದವರು ಐದು ಲಕ್ಷದ ಆಸುಪಾಸು. ಮಿಕ್ಕವರಲ್ಲಿ ಟೆಸ್ಟ್ ಮಾಡಿಸದವರು, ಹೆದರಿ ಮನೆಯಲ್ಲಿ ಉಳಿದವರು ಇದ್ದರು, ನಿಜ. ಆದರೆ ಒಂದು ದೊಡ್ಡ ಗುಂಪಿಗೆ ಏನಾದರೂ ಆಗಿದೆ ಅಂತಲೇ ಗೊತ್ತಿರಲಿಲ್ಲ. ಅವರಲ್ಲಿ ಎಷ್ಟೋ ಜನ ಈಗಲೂ "ನಂಗೆ ಕೋವಿಡ್ಡೇ ಬರಲಿಲ್ಲ" ಅಂತ ಹೇಳಿಕೊಂಡು ಓಡಾಡ್ತಿರಬಹುದು.

ನಮ್ಮ ಜಿಲ್ಲೆಯದ್ದೇ ಇನ್ನೊಂದು ಕತೆ. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝಿಕಾ ವೈರಸ್ ಸಿಕ್ಕಿತು. ಟೀವಿಯವರು ಕ್ಯಾಮೆರಾ ಹಿಡ್ಕೊಂಡು ಬಂದರು. ಆರೋಗ್ಯ ಇಲಾಖೆಯವರು ಸುತ್ತಲಿನ ಊರುಗಳಲ್ಲಿ ಜ್ವರ ಬಂದವರನ್ನ, ಗರ್ಭಿಣಿಯರನ್ನ ಹುಡುಕಿ ರಕ್ತದ ಮಾದರಿ ತಗೊಂಡರು. ಜ್ವರ ಇಲ್ಲದ ಗರ್ಭಿಣಿಯರನ್ನ ಯಾಕೆ ಹುಡುಕಬೇಕು ಅಂತ ಊರವರು ಕೇಳ್ತಿದ್ದರು. ಯಾಕೆಂದರೆ ಝಿಕಾ ತಗುಲಿದ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣಲ್ಲ. ತಾಯಿ ಆರಾಮಾಗೇ ಇರ್ತಾಳೆ, ತೊಂದರೆ ಆಗೋದು ಹೊಟ್ಟೆಯಲ್ಲಿರೋ ಮಗುವಿಗೆ. ಇಲ್ಲಿ "ನಾನು ಚೆನ್ನಾಗೇ ಇದ್ದೀನಿ" ಅನ್ನೋ ಮಾತಿಗೆ ಬೆಲೆಯೇ ಇಲ್ಲ.

ಇನ್ನು ಮೂರನೇದು, ನನಗೆ ಅತ್ಯಂತ ಇಷ್ಟವಾದದ್ದು. ಇದನ್ನ ಹೇಳೋಕೆ ನಮ್ಮ ಮಾಮನ ಹುಳು ಮನೆಗೆ ಬರಬೇಕು.

ಮಾಮ ಅಂದರೆ ಅಮ್ಮನ ಅಣ್ಣ. ರೇಷ್ಮೆ ಸಾಕ್ತಾರೆ, ಗೂಡನ್ನ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕ್ತಾರೆ. ರೇಷ್ಮೆ ಸಾಕುವವರ ಮನೆಗಳಲ್ಲಿ ಜ್ವರ ಅನ್ನೋ ಪದಕ್ಕೆ ಇನ್ನೊಂದು ಅರ್ಥ ಇದೆ. ಹುಳು ಬೆಳೀತಾ ನಾಲ್ಕು ಸಲ ಪೊರೆ ಬಿಡುತ್ತೆ. ಆಗ ಸೊಪ್ಪು ತಿನ್ನೋದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತೆ. ಅದಕ್ಕೆ "ಜ್ವರಕ್ಕೆ ಕೂತಿವೆ" ಅಂತಾರೆ. ಎದ್ದ ಮೇಲೆ "ಎರಡನೇ ಜ್ವರ ಎದ್ದಿವೆ", "ನಾಲ್ಕನೇ ಜ್ವರ ಎದ್ದಿವೆ" ಅಂತಾರೆ. ಹೊಸಬರು ಕೇಳಿದರೆ ಹುಳುಗಳಿಗೇನೋ ಕಾಯಿಲೆ ಬಂದಿದೆ ಅಂದುಕೊಳ್ಳಬೇಕು. ಮಾಮನಿಗೆ ಮಾತ್ರ ಗೊತ್ತು, ಇದು ಕಾಯಿಲೆಯಲ್ಲ, ಒಳಗೆ ಕೆಲಸ ನಡೀತಿದೆ ಅಂತ. ನಿಜವಾದ ಕಾಯಿಲೆಗಳಿಗೆ ಬೇರೆ ಹೆಸರುಗಳೇ ಇವೆ: ಹಾಲುರೋಗ, ಸಪ್ಪೆರೋಗ, ಗಂಟುರೋಗ.

ಮನುಷ್ಯರ ಜ್ವರದಲ್ಲೂ ಇಂಥದ್ದೇ ಒಂದು ಗೊಂದಲ ಇದೆ. ನೆಗಡಿಯಲ್ಲಿ ಮೂಗು ಸೋರೋದು, ಗಂಟಲು ಊದಿಕೊಳ್ಳೋದು, ಮೈ ಬಿಸಿಯಾಗೋದು, ಕೈಕಾಲು ನೋಯೋದು, ಇವುಗಳಲ್ಲಿ ಬಹುಪಾಲು ವೈರಸ್ ಮಾಡೋ ಕೆಲಸವಲ್ಲ. ವೈರಸ್ ಬಂದಿದೆ ಅಂತ ನಮ್ಮದೇ ರೋಗನಿರೋಧಕ ವ್ಯವಸ್ಥೆ ಮಾಡೋ ಕೆಲಸ. ಮೈ ಬಿಸಿ ಮಾಡಿಕೊಳ್ಳುತ್ತೆ, ರಕ್ತನಾಳ ಹಿಗ್ಗಿಸಿ ಬಿಳಿ ರಕ್ತಕಣಗಳನ್ನ ಕಳಿಸುತ್ತೆ, "ಎದ್ದು ಓಡಾಡಬೇಡ, ಬಿದ್ಕೋ" ಅಂತ ಮೆದುಳಿಗೆ ಹೇಳುತ್ತೆ. ಎರಡು ದಿನ ಜ್ವರ ಬಂದು ವಾಸಿಯಾದವರ ಇಮ್ಯುನಿಟಿ ಸೋತಿಲ್ಲ, ಡ್ಯೂಟಿ ಮಾಡಿದೆ. ತುಂಬಾ ವಯಸ್ಸಾದವರಿಗೆ ನ್ಯುಮೋನಿಯಾ ಆದಾಗಲೂ ಕೆಲವೊಮ್ಮೆ ಜ್ವರವೇ ಬರಲ್ಲ, ಅದು ಒಳ್ಳೆ ಸೂಚನೆ ಅಂತ ಯಾವ ಡಾಕ್ಟರೂ ಹೇಳಲ್ಲ.

ಹಾಗೇ ಸ್ಟ್ರಾಂಗ್ ಅನ್ನೋ ಪದವೂ ಸರಿಯಿಲ್ಲ. ಇಮ್ಯುನಿಟಿ ತೋಳಿನ ಸ್ನಾಯು ಥರ ಅಲ್ಲ, ಹೆಚ್ಚಿದಷ್ಟೂ ಒಳ್ಳೇದು ಅನ್ನೋಕೆ. ಧೂಳು ಕಂಡರೆ ಸೀನುವ ಬೆಂಗಳೂರಿನ ಅಲರ್ಜಿ ಇದೆಯಲ್ಲ, ಅದು ಬೇಡದ ಕಡೆ ತೋರಿಸುವ ಶಕ್ತಿ. ರುಮಟಾಯ್ಡ್ ಆರ್ಥ್ರೈಟಿಸ್ ಅಂದರೆ ಅದೇ ಶಕ್ತಿ ಸ್ವಂತ ಕೀಲುಗಳ ಮೇಲೆ ತಿರುಗಿಬೀಳೋದು. ಡೆಂಗಿಯಲ್ಲಿ ನಾಲ್ಕು ವಿಧದ ವೈರಸ್ ಇವೆ. ಒಂದು ವಿಧ ಬಂದುಹೋದ ಮೇಲೆ ಇನ್ನೊಂದು ಬಂದರೆ ಅಪಾಯ ಹೆಚ್ಚು, ಏಕೆಂದರೆ ಹಳೆಯ ಸಲದ ಪ್ರತಿಕಾಯಗಳೇ ಹೊಸ ವೈರಸ್ಸಿಗೆ ಜೀವಕೋಶದ ಬಾಗಿಲು ತೆಗೆದುಕೊಡಬಲ್ಲವು. 1918ರ ಇನ್‌ಫ್ಲುಯೆಂಜಾ ನೋಡಿ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನಗಿರಿ ಬಿಟ್ಟಿದ್ದು ಅದೇ ವರ್ಷ. ಆ ಜ್ವರ ಭಾರತದಲ್ಲಿ ಕೋಟಿಗೂ ಹೆಚ್ಚು ಜನರನ್ನ ತಗೊಂಡು ಹೋಯ್ತು. ಮಾಮೂಲಿ ಫ್ಲೂ ಮುದುಕರನ್ನ, ಮಕ್ಕಳನ್ನ ಹುಡುಕಿದರೆ, ಅದು ಇಪ್ಪತ್ತರಿಂದ ನಲವತ್ತರ ಗಟ್ಟಿಮುಟ್ಟಾದ ಜನರನ್ನ ಹೆಚ್ಚಾಗಿ ಕೊಂದಿತು. ಯಾಕೆ ಹೀಗಾಯ್ತು ಅನ್ನೋದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು, ಆ ವಯಸ್ಸಿನ ದೇಹಗಳು ಅಳತೆ ಮೀರಿ ತಿರುಗಿಬಿದ್ದವು, ಆ ಹೋರಾಟದಲ್ಲೇ ಶ್ವಾಸಕೋಶ ಹಾಳಾಯ್ತು ಅನ್ನೋದು. ಅಂದಿನ ಗಟ್ಟಿಗರೆಲ್ಲ "ನಂಗೇನೂ ಬರಲ್ಲ" ಅಂದುಕೊಂಡವರೇ ಇದ್ದಿರಬೇಕು.

ಮಾಮನ ವಿಷಯಕ್ಕೆ ಮತ್ತೆ ಬರ್ತೀನಿ. ನಮ್ಮ ಮನೆಯ "ಆಸ್ಪತ್ರೆ ಮೆಟ್ಟಿಲು ಹತ್ತದವರು" ಅಂದರೆ ಅವರೇ. ವಯಸ್ಸು ಅರವತ್ತೊಂದು. "ಈ ಮೈಗೆ ಒಂದು ಸೂಜಿ ಚುಚ್ಚಿಸಿಕೊಂಡಿಲ್ಲ ನೋಡಮ್ಮ" ಅಂತ ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾರೋ. ಊರಿಗೆಲ್ಲ ಜ್ವರ ಬಂದರೂ ಅವರು ಬೆಳಿಗ್ಗೆ ಐದಕ್ಕೆ ತೋಟದಲ್ಲಿ ಸೊಪ್ಪು ಕೊಯ್ತಿದ್ದರು. ಕೋವಿಡ್ಡಿನಲ್ಲೂ ಅಷ್ಟೇ.

ಎರಡು ವರ್ಷದ ಹಿಂದೆ ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಕಿರುಬೆರಳಿಗೆ ಸಣ್ಣ ಗಾಯ ಆಯ್ತು. ಅರಿಶಿನ ಹಚ್ಚಿದರು, ಬಟ್ಟೆ ಸುತ್ತಿದರು, ತೋಟಕ್ಕೆ ಹೋದರು. ನೋವೇ ಇರಲಿಲ್ಲವಂತೆ. ತಿಂಗಳಾದರೂ ಒಣಗಲಿಲ್ಲ. ಅತ್ತೆ ದಿನಾ ಹೇಳ್ತಿದ್ದರು, ಇವರು ದಿನಾ "ಏನೂ ಆಗಲ್ಲ ಬಿಡೆ" ಅಂತಿದ್ದರು. ಕೊನೆಗೆ ಮನೆಮನೆಗೆ ಬಿಪಿ, ಶುಗರ್ ನೋಡೋಕೆ ಬಂದ ಉಪಕೇಂದ್ರದ ಸಿಸ್ಟರ್, ಕಾಲು ನೋಡಿ, ಕೇಳದೇನೇ ಬೆರಳು ಹಿಡಿದು ಚುಚ್ಚಿದರು. ಅದು ಮಾಮನ ಮೊದಲ ಸೂಜಿ. ಮೀಟರಿನಲ್ಲಿ 340 ಬಂತು. ಮೂರು ತಿಂಗಳ ಸರಾಸರಿ ಪರೀಕ್ಷೆ ಮಾಡಿಸಿದಾಗ 11 ದಾಟಿತ್ತು, 6.5 ದಾಟಿದರೇ ಸಕ್ಕರೆ ಕಾಯಿಲೆ. ಈ ಸಕ್ಕರೆ ನಿನ್ನೆ ಮೊನ್ನೆಯದಲ್ಲ, ಎಷ್ಟೋ ವರ್ಷಗಳದು ಅಂದರು ಡಾಕ್ಟರು. ಗಾಯ ಮೂಳೆ ಮುಟ್ಟಿತ್ತು. ಕಿರುಬೆರಳು ಉಳಿಯಲಿಲ್ಲ, ಕಾಲು ಉಳಿಯಿತು.

ಇದರಲ್ಲಿ ಒಂದು ಕ್ರೂರ ತಮಾಷೆ ಇದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದ್ದರೆ ಸೋಂಕಿನ ವಿರುದ್ಧ ಮೊದಲು ಓಡಿಬರುವ ಬಿಳಿ ರಕ್ತಕಣಗಳ ಕೆಲಸ ಮಂದವಾಗುತ್ತೆ, ಕಾಲಿಗೆ ರಕ್ತ ಹೋಗೋದು ಕಮ್ಮಿಯಾಗುತ್ತೆ, ನರ ಸತ್ತು ನೋವು ಗೊತ್ತಾಗಲ್ಲ. ಕ್ಷಯ ಬರುವ ಸಾಧ್ಯತೆಯೂ ಎರಡು ಮೂರು ಪಟ್ಟು ಹೆಚ್ಚು. ಅಂದರೆ ಇಡೀ ಮನೆಯಲ್ಲಿ ಯಾರ ಇಮ್ಯುನಿಟಿ ಉದಾಹರಣೆಯಾಗಿತ್ತೋ, ವರ್ಷಗಳಿಂದ ಅದು ಸದ್ದಿಲ್ಲದೆ ಸವೆಯುತ್ತಿದ್ದಿದ್ದು ಅವರದ್ದೇ. ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಇರಲಿಲ್ಲ. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಎಷ್ಟೋ ಜನಕ್ಕೆ ತಾವು ಕಾಯಿಲೆಯವರು ಅಂತಲೇ ಗೊತ್ತಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮಾಮ ಒಂದು ಮಾತು ಹೇಳಿದರು. "ಹುಳುಗಾಗಿದ್ರೆ ಮೊದಲನೇ ದಿನಾನೇ ಕಂಡುಹಿಡೀತಿದ್ದೆ."

ನಿಜ. ಹುಳು ಮನೆಯಲ್ಲಿ ಅವರು ಯಾವತ್ತೂ "ನಮ್ಮ ಹುಳು ಗಟ್ಟಿ, ಏನೂ ಬರಲ್ಲ" ಅಂದವರಲ್ಲ. ಪ್ರತಿ ಬೆಳೆ ಮುಗಿದ ಮೇಲೆ ಮನೆ, ತಟ್ಟೆ, ಚಂದ್ರಿಕೆ ಎಲ್ಲ ತೊಳೆದು ಔಷಧಿ ಹೊಡೀತಾರೆ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದದೆ ಒಳಗೆ ಬಿಡಲ್ಲ. ನಾನು ಬೆಂಗಳೂರಿನಿಂದ ಹೋದರೂ ಅಷ್ಟೇ, ಮುಖ್ಯಮಂತ್ರಿ ಬಂದರೂ ಅಷ್ಟೇ. ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸ್ತಾರೆ. ಒಂದು ಹುಳು ಸಪ್ಪಗಿದ್ದರೂ ತೆಗೆದು ದೂರ ಹಾಕ್ತಾರೆ. ಬೆಳೆ ಚೆನ್ನಾಗಿ ಬಂದರೆ ಅದಕ್ಕೆ ತಳಿ ಕಾರಣ, ಸೊಪ್ಪು ಕಾರಣ, ಹವೆ ಕಾರಣ, ಶುಚಿ ಕಾರಣ, ಅದೃಷ್ಟವೂ ಕಾರಣ ಅಂತ ಅವರಿಗೆ ಗೊತ್ತು. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಎಲ್ಲವನ್ನೂ ಸೇರಿಸಿ "ಇಮ್ಯುನಿಟಿ" ಅಂದುಬಿಡ್ತೀವಿ.

ಹಾಗಾದರೆ ಮನುಷ್ಯ ಮನುಷ್ಯನಿಗೆ ನಿಜವಾದ ವ್ಯತ್ಯಾಸ ಇಲ್ಲವೇ ಇಲ್ಲವಾ? ಇದೆ, ಖಂಡಿತ ಇದೆ. ಅದನ್ನ ತಿಳಿಯೋಕೆ ಎಲ್ಲರಿಗೂ ಒಂದೇ ಸಮ ರೋಗಾಣು ಕೊಟ್ಟು ನೋಡಬೇಕು. ಅಂಥ ಪ್ರಯೋಗಗಳೂ ಆಗಿವೆ. 2021ರಲ್ಲಿ ಲಂಡನ್ನಿನಲ್ಲಿ 36 ಜನ ಆರೋಗ್ಯವಂತ ಯುವಕ ಯುವತಿಯರು, ಲಸಿಕೆ ಹಾಕಿಸಿಕೊಳ್ಳದ, ಕೋವಿಡ್ ಬಂದಿರದವರು, ತಾವಾಗಿ ಮುಂದೆ ಬಂದು ಮೂಗಿಗೆ ಕೊರೊನಾ ವೈರಸ್ ಹಾಕಿಸಿಕೊಂಡರು. ಪ್ರಮಾಣ ಎಲ್ಲರಿಗೂ ಒಂದೇ. ಸೋಂಕು ನಿಂತಿದ್ದು ಹೆಚ್ಚೂಕಡಿಮೆ ಅರ್ಧದಷ್ಟು ಜನರಲ್ಲಿ ಮಾತ್ರ. ಆಮೇಲೆ ಕೆಲವರ ಮೂಗಿನ ಜೀವಕೋಶಗಳನ್ನ ಪರೀಕ್ಷಿಸಿದಾಗ, ಸೋಂಕು ನಿಲ್ಲದವರಲ್ಲಿ ದೇಹದ ಪ್ರತಿಕ್ರಿಯೆ ಬಹಳ ಬೇಗ ಎದ್ದಿತ್ತು ಅಂತ ಕಂಡಿತು. ಅಂದರೆ "ನಂಗೆ ಬರಲ್ಲ" ಅನ್ನೋರಲ್ಲಿ ನಿಜಕ್ಕೂ ಬರದವರೂ ಇರ್ತಾರೆ. ಆದರೆ ಅದು ಆ ಒಂದು ವೈರಸ್ಸಿಗೆ, ಆ ಒಂದು ದಿನಕ್ಕೆ. ಮುಂದಿನ ತಿಂಗಳು ಬೇರೊಂದು ವೈರಸ್ ಬಂದರೆ ಅದೇ ಮನುಷ್ಯ ಮಲಗಬಹುದು.

ಈ ವ್ಯತ್ಯಾಸ ಎಲ್ಲಿಂದ ಬರುತ್ತೆ? ಸ್ವಲ್ಪ ವಂಶವಾಹಿಯಿಂದ. 2015ರಲ್ಲಿ 210 ಅವಳಿಗಳ ರಕ್ತ ಪರೀಕ್ಷಿಸಿದ ಒಂದು ಅಧ್ಯಯನ ಬಂತು; ರೋಗನಿರೋಧಕ ವ್ಯವಸ್ಥೆಯ ಇನ್ನೂರಕ್ಕೂ ಹೆಚ್ಚು ಅಳತೆಗಳಲ್ಲಿ ಸುಮಾರು ಮುಕ್ಕಾಲು ಪಾಲಿನಲ್ಲಿ ಹುಟ್ಟಿಗಿಂತ ಬದುಕಿನ ಪ್ರಭಾವವೇ ಜಾಸ್ತಿ ಕಂಡಿತು. ಹಿಂದೆ ಯಾವ ಸೋಂಕು ಬಂದಿತ್ತು, ಯಾವ ಲಸಿಕೆ ಹಾಕಿಸಿದ್ದರು, ವಯಸ್ಸೆಷ್ಟು, ಇವೆಲ್ಲ ಸೇರುತ್ತೆ. ಅಜ್ಜನ ನೂರು ವರ್ಷ ಮೊಮ್ಮಗನ ಖಾತೆಗೆ ಹಾಗೇ ಜಮಾ ಆಗಲ್ಲ.

ನಿದ್ದೆಯದ್ದು ಮಾತ್ರ ನಮ್ಮಂಥವರು ಗಮನಿಸಬೇಕಾದ್ದು. ಅಮೆರಿಕದ ಶೆಲ್ಡನ್ ಕೋಹೆನ್ ಅನ್ನೋ ಮನಃಶಾಸ್ತ್ರಜ್ಞರು ದಶಕಗಳ ಕಾಲ ಜನರ ಮೂಗಿಗೆ ನೆಗಡಿ ವೈರಸ್ಸಿನ ಹನಿ ಹಾಕಿ ನೋಡಿದವರು. ಒತ್ತಡ ಜಾಸ್ತಿ ಇದ್ದವರಿಗೆ ನೆಗಡಿ ಹೆಚ್ಚು ಅಂತ 1991ರಲ್ಲಿ ತೋರಿಸಿದರು. 2015ರಲ್ಲಿ ಅವರ ಜೊತೆಯವರು 164 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ, ಆರು ಗಂಟೆಗಿಂತ ಕಮ್ಮಿ ಮಲಗುವವರಿಗೆ ನೆಗಡಿ ಬರುವ ಸಾಧ್ಯತೆ ಏಳು ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಇತ್ತು. ರಾತ್ರಿ ಹನ್ನೊಂದಕ್ಕೆ ಕ್ಲೈಂಟ್ ಕಾಲ್, ಒಂದರವರೆಗೆ ರೀಲ್ಸು, ಬೆಳಿಗ್ಗೆ ಏಳಕ್ಕೆ ಕ್ಯಾಬು. ಆಮೇಲೆ ಇಮ್ಯುನಿಟಿ ಶಾಟ್ ಅಂತ ಶುಂಠಿರಸದ ಸಣ್ಣ ಬಾಟಲಿಗೆ ನೂರೈವತ್ತು ರೂಪಾಯಿ. ಶುಂಠಿ ತಪ್ಪಲ್ಲ, ರುಚಿಯಾಗಿರುತ್ತೆ. ಆದರೆ ಅದು ನಿದ್ದೆಯ ಬದಲಿ ಅಲ್ಲ.

ಇನ್ನೊಂದು ಮಾತು, ಅಳತೆಯ ಬಗ್ಗೆ. ಶುಗರಿಗೆ ಮೀಟರ್ ಇದೆ, ಬಿಪಿಗೆ ಪಟ್ಟಿ ಇದೆ, ಇಮ್ಯುನಿಟಿಗೆ ಹಾಗೆ ಒಂದು ನಂಬರ್ ಇಲ್ಲ. ಡಾಕ್ಟರುಗಳು ಅನುಮಾನ ಪಡೋದು ನೆಗಡಿ ಎಷ್ಟು ಸಲ ಬಂತು ಅಂತ ನೋಡಿ ಅಲ್ಲ. ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆಯ್ತಾ, ಮಾಮೂಲಿ ಸೋಂಕಿಗೂ ತಿಂಗಳುಗಟ್ಟಲೆ ಆಂಟಿಬಯಾಟಿಕ್ ಬೇಕಾಗ್ತಿದೆಯಾ, ಬಾಯಲ್ಲಿ ಫಂಗಸ್ ಮತ್ತೆ ಮತ್ತೆ ಬರ್ತಿದೆಯಾ, ಗಾಯ ಒಣಗ್ತಾ ಇಲ್ಲವಾ, ಕಾರಣವಿಲ್ಲದೆ ತೂಕ ಇಳೀತಿದೆಯಾ, ಇಂಥವನ್ನ ನೋಡ್ತಾರೆ. ಇವು ಇಲ್ಲದೆ ವರ್ಷಕ್ಕೆ ಮೂರು ಸಲ ನೆಗಡಿ ಆದರೆ ನೀವು ವೀಕು ಅಲ್ಲ. ನೆಗಡಿಯೇ ಬರದಿದ್ದರೆ ನೀವು ವಜ್ರವೂ ಅಲ್ಲ.

ಇದೆಲ್ಲ ಯಾಕೆ ಮುಖ್ಯ ಅಂದರೆ, ಕಾಯಿಲೆ ಬೀಳದಿರುವುದನ್ನ ಗುಣ ಅಂತ ಮಾಡಿದ ತಕ್ಷಣ ಕಾಯಿಲೆ ಬೀಳೋದು ಅವಗುಣ ಆಗಿಬಿಡುತ್ತೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ವರ್ಷದ ಕೊನೆಗೆ ಒಂದೂ ಸಿಕ್ ಲೀವ್ ಹಾಕದವರಿಗೆ ಚಪ್ಪಾಳೆ, ಗಿಫ್ಟ್ ವೋಚರ್. ಅದನ್ನ ತಗೊಂಡವರಲ್ಲಿ ಅರ್ಧ ಜನ ಜ್ವರದಲ್ಲೇ ಬಂದು ಕೂತವರು, ಪಕ್ಕದವರಿಗೆಲ್ಲ ಹಂಚಿದವರು. ಆ ಪಕ್ಕದವರ ಮನೆಯಲ್ಲಿ ಕೀಮೋ ತಗೊಳ್ತಿರೋ ಅಮ್ಮ ಇರಬಹುದು, ಹದಿನೈದು ದಿನದ ಕೂಸು ಇರಬಹುದು. ನಮಗೆ ಏನೂ ಆಗದ ವೈರಸ್ ಅವರಿಗೆ ಏನೂ ಆಗದ ವೈರಸ್ ಅಲ್ಲ. ಜ್ವರ ಬಂದರೆ ರಜೆ ಹಾಕಿ ಮಲಗೋದು ಸೋಮಾರಿತನ ಅಲ್ಲ, ದೇಹ ಹೇಳಿದ್ದನ್ನ ಕೇಳೋದು.

ಈಗ ನಮ್ಮೂರಲ್ಲಿ ಯಾರಾದರೂ ವಿಶ್ವೇಶ್ವರಯ್ಯನವರ ಮೈಕಟ್ಟಿನ ಮಾತು ತೆಗೆದರೆ ನಾನು ಅಲ್ಲ ಅನ್ನೋಕೆ ಹೋಗಲ್ಲ. ಗಟ್ಟಿ ದೇಹವೇ ಇದ್ದಿರಬೇಕು, ಶಿಸ್ತು ಇತ್ತು, ಅದೃಷ್ಟವೂ ಇತ್ತು. ಆದರೆ ಅವರ ಹೆಸರಿನಲ್ಲಿ ಏನಾದರೂ ಕಲಿಯೋದಿದ್ದರೆ ನಾನು ಸಕ್ಕೂರಿನ ಆ ಮರಳಿನ ಬಾವಿಯ ಕತೆ ಹೇಳ್ತೀನಿ.

ಮಾಮ ಈಗ ಚೆನ್ನಾಗಿದ್ದಾರೆ. ಮಾತ್ರೆ ತಗೊಳ್ತಾರೆ, ದಿನಾ ರಾತ್ರಿ ಅತ್ತೆ ಅವರ ಪಾದ ತಿರುಗಿಸಿ ನೋಡ್ತಾರೆ, ಕಾಲು ಮುಚ್ಚುವ ಚಪ್ಪಲಿ ಹಾಕ್ತಾರೆ, ಫ್ಲೂ ಲಸಿಕೆಯನ್ನೂ ಹಾಕಿಸಿಕೊಂಡರು. ಸೂಜಿಯ ಲೆಕ್ಕ ಬಿಟ್ಟುಬಿಟ್ಟಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರ್ತಾರೆ, ಯಾವತ್ತೂ ಕಾಯಿಲೆ ಬೀಳದವರು. ಹಬ್ಬಕ್ಕೆ ಊರಿಗೆ ಹೋದಾಗ ಅವರ ಜೊತೆ ವಾದ ಮಾಡಬೇಡಿ, ಹೊಗಳಿಬಿಡಿ. ಹೊಗಳುತ್ತಲೇ ಕರ್ಕೊಂಡು ಹೋಗಿ ಒಂದು ಸಲ ಶುಗರ್, ಬಿಪಿ ನೋಡಿಸಿ. ಸರ್ಕಾರಿ ಉಪಕೇಂದ್ರದಲ್ಲಿ ದುಡ್ಡು ಕೊಡಬೇಕಾಗಿಲ್ಲ, ಹತ್ತು ನಿಮಿಷದ ಕೆಲಸ. ಸರದಿ ಬಂದಾಗ ನಿಮ್ಮ ಬೆರಳನ್ನೂ ಮುಂದೆ ಚಾಚಿ.